ಎಂಜಿನ್ನಿಗೆ ಕಟ್ಟಿದ ಪಟ್ಟಿ

ಎ.ಸಿ. ಹಾಕಿದರೆ ಸಾಕು, ಟೈಲರಣ್ಣನ ಹಳೇ ಕಾರಿನೊಳಗೆ ಸುಟ್ಟ ಎಣ್ಣೆಯ ಕಮಟು ವಾಸನೆ. “ಹೊಟ್ಟೆ ತೊಳೆಸತ್ತಪ್ಪಾ, ನಾನು ನಡ್ಕೊಂಡೇ ಬರ್ತೀನಿ” ಅಂತಿದ್ದರು ಅವನ ತಾಯಿ. ನಡೆಯೋದೆಲ್ಲಿಂದ ಬಂತು! ಎರಡೂ ಕಣ್ಣಿಗೆ ಪೊರೆ, ಎದುರಿಗಿರೋ ಬಾಗಿಲೂ ಕಾಣದು. ನಾಳೆ ಬೆಳಗ್ಗೆ ಒಂದು ಕಣ್ಣಿನ ಆಪರೇಷನ್. ಅಷ್ಟರೊಳಗೆ ವಾಸನೆ ಹೋಗಲೇಬೇಕು.

ಶಾಲೆಯ ವ್ಯಾನ್ ಓಡಿಸೋ ಅಕ್ಕನಿಗೆ ಫೋನ್ ಮಾಡಿದ.

“ಮೆಕ್ಯಾನಿಕ್ ಎಣ್ಣೆ ಸೋರೋದು ನಿಲ್ಲಿಸಿದ್ನಲ್ಲ, ಹಳೇ ಕೊಳೆ ಹಾಗೇ ಇದೆ ಕಣೋ. ಎಂಜಿನ್ ಪೂರ್ತಿ ತಣ್ಣಗಾಗಲಿ. ಬ್ಯಾಟರಿ, ಫ್ಯೂಸ್ ಡಬ್ಬಿ, ಗಾಳಿ ಎಳೆಯೋ ಬಾಯಿ, ಎಲ್ಲಕ್ಕೂ ಪ್ಲಾಸ್ಟಿಕ್ ಕವರು ಕಟ್ಟು. ಎಂಜಿನ್ ಕ್ಲೀನರ್ ಸಿಂಪಡಿಸಿ ಬ್ರಶ್ಶಲ್ಲಿ ಉಜ್ಜು. ಪೈಪ್ ಹಿಡಿದು ನೀರು ಬಿಟ್ಟೀಯ ಮತ್ತೆ! ಒದ್ದೆ ಬಟ್ಟೇಲಿ ಒರೆಸು, ಸಾಕು. ಒಣಗಿದ ಮೇಲೆ ರಬ್ಬರು, ಪ್ಲಾಸ್ಟಿಕ್ಕಿಗೆ ಡ್ರೆಸ್ಸಿಂಗ್ ಮಾಡು, ಬಾಟ್ಲಿ ನಿನ್ನ ಅಂಗಡೀಲೇ ಇಟ್ಟಿದೀನಿ. ಗೊತ್ತಾಯ್ತಾ?”

“ಹ್ಞೂಂ, ಹ್ಞೂಂ.”

ಗೊತ್ತಾಗಿದ್ದು ಎಲ್ಲ, ಆ ಕೊನೇ ಮಾತೊಂದು ಬಿಟ್ಟು. ಮತ್ತೆ ಕೇಳಿದರೆ ‘ದಡ್ಡ’ ಅಂತಾಳೆ, ಚಿಕ್ಕಂದಿನಿಂದ ಅವಳದು ಅದೇ ಪಾಠ.

ಉಜ್ಜಿ ಒರೆಸಿದ ಮೇಲೆ ಕೊಳೆಯೇನೋ ಹೋಯ್ತು. ಆದರೆ ಈ ಡ್ರೆಸ್ಸಿಂಗ್ ಅಂದ್ರೇನು? ಅವನ ಕಸುಬಿನಲ್ಲಿ ಡ್ರೆಸ್ ಅಂದರೆ ಮೈಗೆ ಹಾಕೋದು. ಎಂಜಿನ್ನಿಗೆ ಅಂಗಿ ಹೊಲಿಯೋದಾ? ಎಲ್ಲಿಂದ ಅಳತೆ ತಗೊಳ್ಳೋದು? ತಲೆ ಕೆರೆದುಕೊಂಡು ಬಾಗಿಲಲ್ಲಿ ನಿಂತು, ನರ್ಸ್ ಕೆಲಸದಲ್ಲಿರೋ ಹೆಂಡತಿಯನ್ನು ಕೂಗಿದ.

“ಲೇ, ಡ್ರೆಸ್ಸಿಂಗ್ ಹೇಗೆ ಮಾಡೋದೇ?”

ಒಳಗೆ ಕೆಲಸದಲ್ಲಿದ್ದ ಅವಳು ಯಾರಿಗೆ, ಯಾಕೆ ಅಂತ ಕೇಳಲೇ ಇಲ್ಲ. “ಔಷಧಿ ಹಚ್ಚಿ, ಬಟ್ಟೆ ಸುತ್ತಿ ಬಿಗಿಯಾಗಿ ಕಟ್ರೀ. ಸಡಿಲ ಬಿಟ್ರೆ ಬಿಚ್ಕೊಳ್ಳತ್ತೆ.”

ಓಹೋ, ಹಾಗೆ! ಆದರೂ ಪೈಪಿಗೆ ಯಾವ ಗಾಯ? ಇರಲಿ, ಹೇಳಿದ್ದಾರಲ್ಲ. ಅಂಗಡಿಯಿಂದ ತುಂಡು ಬಟ್ಟೆ ತಂದ, ಬಾಟ್ಲಿಯಲ್ಲಿದ್ದದ್ದನ್ನು ಸುರಿದು ತೊಪ್ಪೆಯಾಗಿ ನೆನೆಸಿದ, ಒಂದೊಂದು ಪೈಪಿಗೂ ಸುತ್ತಿ ಗಂಟು ಹಾಕಿದ. ಟೈಲರ್ ಕೈ ನೋಡಿ, ಕಟ್ಟು ಅಂದರೆ ಕಟ್ಟು! ಆಮೇಲೆ ತಾಯಿಯ ಕೈ ಹಿಡಿದು ತಂದು ಹಿಂದಿನ ಸೀಟಿನಲ್ಲಿ ಕೂರಿಸಿದ.

“ಅಮ್ಮ, ವಾಸನೆ ಇದೆಯಾ ಹೇಳು. ಸ್ಟಾರ್ಟ್ ಮಾಡ್ತೀನಿ.”

ಅಷ್ಟರಲ್ಲಿ ಅಕ್ಕನ ವ್ಯಾನ್ ಬಂದು ನಿಂತಿತು. ತೆರೆದಿದ್ದ ಬಾನೆಟ್ಟಿನೊಳಗೆ ಇಣುಕಿದವಳೇ ಕಿರುಚಿದಳು: “ಕೀಲಿ ಮುಟ್ಟಬೇಡ್ವೋ!”

“ಯಾಕಕ್ಕಾ? ನೀನು ಹೇಳಿದ ಡ್ರೆಸ್ಸಿಂಗೇ...”

“ಅಯ್ಯೋ ಪೆದ್ದೇ! ಡ್ರೆಸ್ಸಿಂಗ್ ಅಂದ್ರೆ ಪಾಲಿಶ್ ಕಣೋ! ತೆಳ್ಳಗೆ ಸವರಿ, ಹೆಚ್ಚಾದದ್ದನ್ನ ಒರೆಸೋದು. ಬೆಲ್ಟಿಗೂ ಬೇಡ, ಹೊಗೆ ಹೋಗೋ ಪೈಪಿಗಂತೂ ಬೇಡವೇ ಬೇಡ. ಅದು ಬಿಸಿಯಾದ್ರೆ ಈ ಬಟ್ಟೆಗೆ ಬೆಂಕಿ ಹತ್ತತ್ತೆ. ಅಮ್ಮ ಬಾಗಿಲ ಹಿಡಿ ಹೇಗೆ ಹುಡುಕ್ತಾಳೆ, ಹೇಳು?”

ಅವನು ಕೀಲಿ ಕಿತ್ತು ಅಕ್ಕನ ಕೈಗಿಟ್ಟ. ಹಿಂದೆ ತಿರುಗಿ ನೋಡಿದ. ತಾಯಿ ಕತ್ತೆತ್ತಿ, ಯಾರ ಮಾತು ಎತ್ತಲಿಂದ ಅಂತ ತಿಳಿಯದೆ ಕೂತಿದ್ದರು. ಅವನಿಗೆ ಅಳುವೇ ಬಂತು.

ಹೆಂಡತಿ ಓಡಿ ಬಂದಳು. “ಎಂಜಿನ್ನಿಗಾ? ನಾನು ನಿಮ್ಮ ಕೈ ತರಚಿದೆ ಅಂದ್ಕೊಂಡೆ!”

ಮೂವರೂ ಸೇರಿ ಬಟ್ಟೆ ಬಿಚ್ಚಿದರು, ಸುರಿದಿದ್ದನ್ನೆಲ್ಲ ಒರೆಸಿದರು. ಪ್ಲಾಸ್ಟಿಕ್ ಕವರು ಇನ್ನೂ ಅಲ್ಲೇ ಇದ್ದವು, ಅವನ್ನೂ ತೆಗೆದರು. ಬಾನೆಟ್ ತೆರೆದಿಟ್ಟು ಚೆನ್ನಾಗಿ ಒಣಗಿಸಿದ ಮೇಲೆಯೇ ಅಕ್ಕ ಕೀಲಿ ಕೊಟ್ಟಳು.

ಮರುದಿನ ಆಪರೇಷನ್ ಮುಗಿಸಿ ಬರುವಾಗ ಕಾರಿನಲ್ಲಿ ವಾಸನೆಯೇ ಇರಲಿಲ್ಲ. ತಾಯಿ ಕಣ್ಣಿನ ಪಟ್ಟಿ ತೋರಿಸಿ ನಕ್ಕರು: “ನೋಡ್ಕೋ ಮಗಾ, ಇದು ಡ್ರೆಸ್ಸಿಂಗ್.”

“ಹ್ಞೂಂ ಅಮ್ಮ” ಅಂದ. ಈ ಸಲ ನಿಜವಾಗಿ ಗೊತ್ತಾಗಿತ್ತು.

ನೀವೂ ಮನೆಯಲ್ಲೇ ಎಂಜಿನ್ ಸ್ವಚ್ಛ ಮಾಡಿ, ಬೇಡ ಅನ್ನೋರು ಯಾರು? ತಣ್ಣಗಿದ್ದಾಗ ಮಾಡಿ. ಜೋರಾಗಿ ನೀರು ಬಿಡಬೇಡಿ, ಪೆಟ್ರೋಲು ಸೀಮೆಎಣ್ಣೆ ಹತ್ತಿರಕ್ಕೂ ತರಬೇಡಿ. ಕೀಲಿ ತಿರುಗಿಸೋ ಮುಂಚೆ ಒಂದು ಚೂರು ಬಟ್ಟೆಯೂ ಒಳಗೆ ಉಳಿದಿಲ್ಲ ಅಂತ ಬಗ್ಗಿ ನೋಡಿ. ಮಾತು ಅರ್ಥವಾಗಲಿಲ್ಲವಾ? ದಡ್ಡ ಅನ್ನಿಸಿಕೊಂಡರೂ ಪರವಾಗಿಲ್ಲ, ಇನ್ನೊಂದು ಸಲ ಕೇಳಿ. ಹಿಂದಿನ ಸೀಟಿನಲ್ಲಿ ನಿಮ್ಮವರು ಕೂತಿರುತ್ತಾರೆ.