ಒಂದು ಹಲ್ಲು ಮೇಲೆ

ಬಂತು, ಬೈಕಿನ ಇಂಜಿನ್ ಚಕ್ರದ ಟಿ ಗುರುತು ಬಂತು, ಅಯ್ಯೋ ದಾಟಿಯೇ ಹೋಯಿತು, ನಟ್ಟಿಗೆ ಹಾಕಿದ ಪಾನಾ ಒಂಚೂರು ಜಾಸ್ತಿ ತಿರುಗಿಸಿದೆ, ಇನ್ನೊಂದು ಸುತ್ತು ತರಬೇಕು, ನಿಧಾನ, ಬಕೆಟ್ಟಿನಲ್ಲಿ ಬಟ್ಟೆ ನೆನೆದಿದೆ, ಒಲೆ ಸಣ್ಣಗೆ ಮಾಡಿ ಬಂದೆನೋ ಇಲ್ಲವೋ, ಬಂದೆ — ಕ್ಲಚ್ ಕೇಬಲ್ ತರಲು ಹೋದ ಇವರು ಬರುವುದರೊಳಗೆ ಮುಗಿಯಬೇಕು — ಈಗ, ಗುರುತು ಗೀರಿನ ಎದುರಿಗೇ ನಿಂತಿತು, ಪಿಸ್ಟನ್ ಮೇಲೆ ಬಂದಿದೆ. ಹೀಗೆ ಅಲ್ಲಾಡದ ಹಾಗೆ ಹಿಡಿದುಕೊಳ್ಳುವುದು ಮದುವೆಯಾದಾಗಿನಿಂದ ನನ್ನ ಕೆಲಸ, ಚೈನು ಏರಿಸುವುದು ಅವರದು, ಹಿಡ್ಕೊಂಡಿದ್ದೀಯೇನೇ, ಹಿಡ್ಕೊಂಡಿದ್ದೀನ್ರೀ, ಪಾನಾ ಹಿಡ್ಕೋ ಅಂದೆ ಮಹಾತಾಯಿ, ಉಸಿರು ಹಿಡ್ಕೋ ಅನ್ನಲಿಲ್ಲ. ಮಗಳು ತೊಟ್ಟಿಲಲ್ಲಿದ್ದಾಗ ಕಾಲಿನಿಂದ ತೊಟ್ಟಿಲು ತೂಗುತ್ತ ಕೈಯಲ್ಲಿ ಪಾನಾ ಹಿಡಿದಿದ್ದೆ, ಪಾನಾ ಅಲ್ಲಾಡಬಾರದು, ತೊಟ್ಟಿಲು ನಿಲ್ಲಬಾರದು. ಇವತ್ತು ಪಾನಾಕ್ಕೆ ಮೊಣಕಾಲು ಒತ್ತಿ ಕೂತಿದ್ದೇನೆ, ಎರಡು ಕೈಯೂ ಚೈನಿಗೆ ಬೇಕು, ಕೊಂಡಿ ಹಾಕಿ ಎತ್ತಿಟ್ಟ ತಂತಿ ಜಾರಿದರೆ ಚೈನು ಇಂಜಿನ್ನಿನ ಹೊಟ್ಟೆಗೆ ಬೀಳುತ್ತದೆ. ವಾಲ್ವು ತೆರೆದು ಮುಚ್ಚುವ ಕ್ಯಾಮಿನ ಹಲ್ಲುಚಕ್ರದ ಮೇಲಿನ ಗೆರೆ ಇಂಜಿನ್ ಹೆಡ್ಡಿನ ಅಂಚಿಗೆ ಸಮನಾಗಿ ಮಲಗಬೇಕು, ಮಲಗಿತು, ನೋಡಿ, ಎಷ್ಟು ಚೆನ್ನಾಗಿ ಕೂತಿತು, ಯಾರಿಗೆ ಹೇಳುತ್ತಿದ್ದೇನೆ, ಯಾರೂ ಇಲ್ಲ — ಈಗ ಚೈನು ಬಿಡಿಸಿ ಚಕ್ರವನ್ನು ಒಂದು ಹಲ್ಲು ಸರಿಸುತ್ತೇನೆ. ಬೇಕೆಂದೇ. ಗೆರೆ ಅಂಚಿಗಿಂತ ಒಂದು ಹಲ್ಲು ಮೇಲೆ.

ಒಂದೇ ಹಲ್ಲು, ಎರಡಾದರೆ ವಾಲ್ವು ಪಿಸ್ಟನ್ನಿಗೆ ಬಡಿಯಬಹುದು, ಕೈಯಿಂದಲೇ ಎರಡು ಸುತ್ತು ತಿರುಗಿಸಿ ನೋಡುತ್ತೇನೆ, ಎಲ್ಲೂ ತಡೆಯಲಿಲ್ಲ, ಇಂಜಿನ್ನಿಗೆ ನೋವಾಗುವುದಿಲ್ಲ, ಶಬ್ದ ಮಾತ್ರ ಕೆಡುತ್ತದೆ, ನನಗೆ ಬೇಕಾಗಿರುವುದೂ ಅಷ್ಟೇ. ಪೋಸ್ಟ್‌ಮ್ಯಾನ್ ಗಾಡಿ ಇದು, ಒಂದೇ ಕಟಕಟ ಶಬ್ದಕ್ಕೆ ಎರಡು ಸಲ ವಾಪಸು ತಂದ, ಇವರು ಎರಡು ಸಲವೂ ಪೂರ್ತಿ ಹೋಯ್ತು ಹೋಗಯ್ಯ ಎಂದು ಬೆನ್ನು ತಟ್ಟಿ ಕಳಿಸಿದರು, ಮೂರನೆಯ ಸಲ ಅವನು ನನ್ನ ಹತ್ತಿರ ಬಂದು ಮೆಲ್ಲಗೆ, ಅಕ್ಕಾ, ಡಾಕ್ಟ್ರು ಹೋಯ್ತು ಅಂತಾರೆ, ನಂಗೊಬ್ಬನಿಗೇ ಕೇಳಿಸ್ತಿದೆಯೋ ಏನೋ, ನೀವೊಂದ್ಸಲ ಕಿವಿಗೊಡಿ ಅಂದ. ಕೊಟ್ಟೆ. ಕಟಕಟ ಹಾಗೇ ಇತ್ತು. ಇವರನ್ನು ಗಾಡಿ ಡಾಕ್ಟ್ರು ಎಂದು ಊರೆಲ್ಲ ಕರೆದದ್ದು ಸುಮ್ಮನೆ ಅಲ್ಲ, ಬೀದಿಯ ತಿರುವಿನಲ್ಲಿ ಗಾಡಿ ಕಾಣುವ ಮೊದಲೇ, ಅದರ ವಾಲ್ವ್ ಬಿಗಿಯಾಗಿದೆ ಕಣೇ, ಬರ್ತಾನೆ ನೋಡು ಅನ್ನುತ್ತಿದ್ದರು, ಅವನು ಬರುತ್ತಿದ್ದ. ನಾನು ಅಡುಗೆಮನೆಯಲ್ಲಿ ಗೊಣಗಿದರೆ ಅಂಗಳದಿಂದ ಉತ್ತರ ಬರುತ್ತಿತ್ತು, ಕೇಳಿಸ್ತು, ನಾನೇನು ಅಂಥಾ ಕೆಟ್ಟವನಲ್ಲ. ಈಗ ಗೊಣಗಿದ್ದೆಲ್ಲ ನನ್ನ ಹತ್ತಿರವೇ ಉಳಿದುಹೋಗುತ್ತದೆ, ದಿನವಿಡೀ ಪಾತ್ರೆಗಳಿಗೆ ಮಾತು ಹೇಳಿ ಪಾತ್ರೆಗಳನ್ನೇ ತೊಳೆದಿಡುತ್ತೇನೆ. ಮಗಳು ಫೋನಿನಲ್ಲಿ, ಅಮ್ಮಾ, ಅಪ್ಪನ್ನ ಕಿವಿ ಡಾಕ್ಟ್ರ ಹತ್ರ ಕರ್ಕೊಂಡು ಹೋಗೇ, ಅವರು ನಗುತ್ತ, ನನ್ನ ಕಿವಿಗೇನು ಧಾಡಿ, ಇರುವೆ ಕೆಮ್ಮಿದ್ರೂ ಕೇಳಿಸತ್ತೆ. ಇರಲಿ, ಇವತ್ತು ಗೊತ್ತಾಗಿಬಿಡಲಿ. ಕಣ್ಣಿಗೆ ಸಿಕ್ಕರೆ ಗೆರೆ ನೋಡಿಯೇ ಹಿಡಿದುಬಿಡುತ್ತಾರೆ, ಮುಚ್ಚಳ ಹಾಕು, ಬೋಲ್ಟ್ ಬಿಗಿ ಮಾಡು, ಎದುರುಬದುರು, ಒಂದೊಂದಕ್ಕೂ ಸ್ವಲ್ಪ ಸ್ವಲ್ಪ. ಕೇಳಿಸಿದರೆ ಬೈಯುತ್ತಾರೆ, ಇಷ್ಟು ವರ್ಷ ಹಿಡಿದವಳಿಗೆ ಒಂದು ಗೆರೆ ಕಾಣಲ್ವೇನೇ ಎಂದು ಬೀದಿಗೆ ಕೇಳುವ ಹಾಗೆ ಬೈಯಲಿ, ಬೈಸಿಕೊಳ್ಳಬೇಕೆಂದು ಇಷ್ಟು ಆಸೆ ಯಾವತ್ತೂ ಆಗಿರಲಿಲ್ಲ.

ಬಂದರು, ಹೆಗಲ ಮೇಲೆ ಕೇಬಲ್, ಓಹೋ, ಮುಚ್ಚಳಾನೂ ಹಾಕಿಬಿಟ್ಟೆಯಾ, ಇನ್ನು ನನಗೆ ಪೆನ್ಷನ್ ಕೊಟ್ಬಿಡು — ಕೇಬಲ್ ಹಾಕುತ್ತಾರೆ, ಕಿಕ್ಕರಿಗೆ ಕಾಲಿಡುತ್ತಾರೆ, ಒಂದು, ಎರಡು, ಹತ್ತಲಿಲ್ಲ, ಹತ್ತಿತು, ದೇವರೇ ಎಂಥ ಶಬ್ದ, ಉಬ್ಬಸದವರ ಹಾಗೆ ಎಳೆಯುತ್ತದೆ, ಸೈಲೆನ್ಸರಿನಲ್ಲಿ ಟಪ್ ಟಪ್ ಎಂದು ಸಿಡಿಯುತ್ತದೆ, ಎದುರು ಮನೆಯ ಹೆಂಗಸು ಕೂಡ ಕಿಟಕಿಯಿಂದ ಇಣುಕಿದಳು, ಅವರು ಉದ್ದದ ಸ್ಕ್ರೂಡ್ರೈವರ್ ತೆಗೆದು ತುದಿಯನ್ನು ಹೆಡ್ಡಿಗೆ ಊರಿ ಹಿಡಿಕೆಯನ್ನು ಕಿವಿಗೆ ಒತ್ತಿ ಕಣ್ಣು ಮುಚ್ಚಿದರು, ಯಾವಾಗಲೂ ಮಾಡುವ ಹಾಗೆಯೇ, ಹುಬ್ಬು ಗಂಟಿಕ್ಕಲಿ, ಗಂಟಿಕ್ಕಲಿ, ಹಿಡಿಕೆ ಇನ್ನೊಂದು ಕಿವಿಗೆ ಹೋಯಿತು, ಆ ಕಿವಿಯಲ್ಲಿ ತುಂಬಾ ಹೊತ್ತು ಇತ್ತು, ಬೈಯಿರಿ, ಒಂದೇ ಒಂದು ಸಲ — ಹುಬ್ಬು ಸಡಿಲವಾಯಿತು. ನಗುತ್ತಿದ್ದಾರೆ. ಗಡಿಯಾರ ಕಣೇ, ಗಡಿಯಾರ ಓಡಿದ ಹಾಗೆ ಓಡ್ತಿದೆ, ನನಗಿಂತ ಚೆನ್ನಾಗಿ ಕೂರಿಸಿದ್ದೀಯ, ಅಲ್ವಾ? ಅಲ್ವಾ ಎಂದು ಕೇಳುವಾಗ ನನ್ನ ಕಣ್ಣು ನೋಡುತ್ತಿಲ್ಲ, ತುಟಿ ನೋಡುತ್ತಿದ್ದಾರೆ, ತುಟಿಯನ್ನೇ, ಮಗು ಅಮ್ಮನ ಬಾಯಿ ನೋಡಿದ ಹಾಗೆ, ಅಂದರೆ ಕೇಳಿಸುತ್ತಿಲ್ಲವೆಂದು ಅವರಿಗೂ ಗೊತ್ತಿದೆ, ಎಷ್ಟು ದಿನದಿಂದ ಗೊತ್ತಿತ್ತೋ, ನಾನು ಇಲ್ಲಿ ಒಬ್ಬಳೇ, ಅವರು ಅಲ್ಲಿ ಒಬ್ಬರೇ, ತುಟಿ ಏನಾದರೂ ಅನ್ನಬೇಕು, ಕಾಯುತ್ತಿದ್ದಾರೆ, ಹೂಂ ಅನ್ನಲೇ, ಇಲ್ಲಾರೀ ಅನ್ನಲೇ — ಮುಚ್ಚಳದ ಕೆಳಗೆ ಗೆರೆ ತಿರುಗಿ ಬರುತ್ತದೆ, ಒಂದು ಹಲ್ಲು ಮೇಲೆ, ಹೋಗುತ್ತದೆ, ಬರುತ್ತದೆ, ಒಂದು ಹಲ್ಲು ಮೇಲೆ, ಒಂದೇ ಹಲ್ಲು