ಬೀದಿ ತೊಳೆದ ದಿನ

ನಮ್ಮ ಬೀದಿಗೆ ಪೆಟ್ರೋಲ್ ಬಂಕ್ ಬರುತ್ತದೆ ಎಂಬ ಸುದ್ದಿಯನ್ನು ಮೊದಲು ತಂದವನು ಬೇಕರಿಯವನು. ಅವನು ತರುವ ಸುದ್ದಿಗಳಲ್ಲಿ ಅರ್ಧ ಉಪ್ಪು ಖಾರ ಹಚ್ಚಿದ್ದು, ಉಳಿದರ್ಧ ಬರೀ ಗಾಳಿಮಾತು. ಹಾಗಾಗಿ ನಾನು ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. ಮಾರನೆಯ ದಿನ ನೋಡಿದರೆ ಬೇಕರಿಯ ಎದುರಿನ ಖಾಲಿ ಜಾಗದಲ್ಲಿ ಆಳೆತ್ತರದ ಬೋರ್ಡು ನಿಂತಿತ್ತು. ಅವನ ಜನ್ಮದಲ್ಲಿ ಒಂದು ಸುದ್ದಿ ನಿಜವಾಗಬೇಕಿತ್ತು, ಇದೇ ಆಗಬೇಕೇ ಎಂದು ನನಗೆ ಮೈಯೆಲ್ಲ ಉರಿಯಿತು.

ಸಂಜೆಯೊಳಗೆ ಬೀದಿಯವರೆಲ್ಲ ಮೇಷ್ಟ್ರ ಮನೆಯ ಮುಂದಿನ ಕೋಣೆಯಲ್ಲಿ ಸೇರಿದೆವು. ಮೇಷ್ಟ್ರು ನಿವೃತ್ತರಾಗಿ ಎಷ್ಟೋ ಕಾಲವಾಗಿದ್ದರೂ ಕೈಕಟ್ಟಿ ಕೂರದಿದ್ದವರನ್ನು ಈಗಲೂ ದುರುಗುಟ್ಟಿ ನೋಡುತ್ತಾರೆ. ಅವರ ಎದುರು ಎಲ್ಲರೂ ತಮ್ಮ ತಮ್ಮ ಭಯ ಹೇಳಿಕೊಂಡರು. ಆ ಜಾಗದ ಗೋಡೆಗೆ ಒತ್ತಿಕೊಂಡೇ ಬಾವಿಯಿದೆ, ಅರ್ಧ ಬೀದಿ ಕುಡಿಯುವುದು ಅದರದೇ ನೀರು. ನೆಲದಡಿಯ ಟ್ಯಾಂಕು ಒಂದು ದಿನ ಸೋರಿದರೆ ನಾವು ಕುಡಿಯುವುದೇನು? ಮುಂದಿನ ತಿರುವಿನಲ್ಲಿ ಶಾಲೆ. ಹಾಲಿನ ಗಾಡಿ ತಿರುಗಿಸಲೇ ಒದ್ದಾಡುವಲ್ಲಿ ಟ್ಯಾಂಕರ್ ಲಾರಿ ಹೇಗೆ ತಿರುಗೀತು? ಬೇಕರಿಯವನದು ಇನ್ನೊಂದು.

"ನಂದು ಸೌದೆ ಒಲೆ. ಗಾಳಿ ಬಂದ್ರೆ ಕಿಡಿ ಎದುರುಗಡೆವರೆಗೂ ಹಾರುತ್ತೆ. ಬಂಕ್ ಬಂತು ಅಂದ್ರೆ ಬ್ರೆಡ್ ಜೊತೆ ನಾವೂ ಬೆಂದು ಹೋಗ್ತೀವಿ ಅಷ್ಟೆ," ಎಂದ.

ಯಾರಿಗೂ ನಗು ಬರಲಿಲ್ಲ. ಎಲ್ಲರ ಬಾಯಿ ಕಟ್ಟಿಹಾಕಿದ್ದ ಇನ್ನೊಂದು ವಿಷಯವಿತ್ತು. ಜಾಗ ಯಾರೋ ಹೊರಗಿನವನದಲ್ಲ, ಬಡಗಿ ಮಾಮನದು.

ಬೀದಿಯ ಕೊನೆಯಲ್ಲಿರುವುದು ಅವನ ಕುರ್ಚಿ ಮೇಜುಗಳ ಅಂಗಡಿ. ಚಿಕ್ಕವಳಿದ್ದಾಗ ನಾನು ಮಾಮ ಎಂದು ಕರೆಯಲು ಶುರುಮಾಡಿದೆ, ಆಮೇಲೆ ಬೀದಿಯೇ ಹಾಗೆ ಕರೆಯಿತು. ಅವನಿಗೆ ಹೆಂಡತಿ ಮಕ್ಕಳು ಯಾರೂ ಇಲ್ಲ. ಈಚೆಗೆ ಮಂಡಿ ಹಿಡಿದುಕೊಂಡು, ನಿಂತು ಗರಗಸ ಎಳೆಯುವುದು ಕಷ್ಟವಾಗಿತ್ತು. ಜಾಗ ಬಂಕ್‌ನವರಿಗೆ ಬಾಡಿಗೆಗೆ ಬಿಟ್ಟು ನೆಮ್ಮದಿಯಾಗಿ ಕೂರುವ ಆಸೆ ಅವನದು. ಅದರಲ್ಲಿ ತಪ್ಪೇನು ಎಂದು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ಆದರೆ ನನ್ನ ಸಿಟ್ಟು ಯಾವತ್ತೂ ಉತ್ತರಕ್ಕಾಗಿ ಕಾದಿದ್ದಿಲ್ಲ. ಅವನ ಜೊತೆ ಮಾತು ಬಿಟ್ಟೆ, ಬೀದಿಯೂ ಬಿಟ್ಟಿತು.

ಮಾತು ಬಿಡದೆ ಇದ್ದವಳು ನನ್ನ ಚಿಕ್ಕಮ್ಮ ಒಬ್ಬಳೇ. ಅವಳು ಅವನ ಅಂಗಡಿಯಲ್ಲೇ ಕುರ್ಚಿಗಳಿಗೆ ಬೆತ್ತ ಹೆಣೆಯುವವಳು.

ಚಿಕ್ಕಮ್ಮನಿಗೆ ಕಣ್ಣು ಕಾಣುವುದಿಲ್ಲ. ಎಳೆಯ ವಯಸ್ಸಿನಲ್ಲಿ ಬಂದ ಜ್ವರ ದೃಷ್ಟಿಯನ್ನು ತೆಗೆದುಕೊಂಡು ಹೋಯಿತು. ನನ್ನ ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದ್ದು, ಜಡೆ ಹಾಕಿದ್ದು, ಸೂಜಿ ಹಿಡಿಯಲು ಕಲಿಸಿದ್ದು ಎಲ್ಲ ಅವಳೇ. ನಾನು ಹೊಲಿದ ಬಟ್ಟೆಯ ಮೇಲೆ ಇವತ್ತಿಗೂ ಬೆರಳಾಡಿಸಿ, "ಇಲ್ಲಿ ಕೈ ಜಾರಿದೆ, ಬಿಚ್ಚು," ಎನ್ನುತ್ತಾಳೆ. ನಾನು ಗೊಣಗುತ್ತಾ ಬಿಚ್ಚುತ್ತೇನೆ.

ದಿನಾ ಬೆಳಿಗ್ಗೆ ಅವಳು ಒಬ್ಬಳೇ ಅಂಗಡಿಗೆ ನಡೆದು ಹೋಗುತ್ತಾಳೆ. ಕೈಯಲ್ಲಿ ಕೋಲಿದೆ, ಆದರೆ ಅದು ಕಲ್ಲು ಗುಂಡಿ ನೋಡಿಕೊಳ್ಳಲಿಕ್ಕೆ. ದಾರಿ ನೋಡುವುದು ಅವಳ ಮೂಗು ಮತ್ತು ಕಿವಿ. ಮನೆ ಬಿಟ್ಟ ಕೂಡಲೆ ಇಸ್ತ್ರಿ ಅಂಗಡಿಯ ಕೆಂಡ ಮತ್ತು ಬಿಸಿ ಬಟ್ಟೆಯ ವಾಸನೆ. ಆಮೇಲೆ ಕಟಿಂಗ್ ಶಾಪಿನ ಸೋಪು, ಅಲ್ಲಿಯ ರೇಡಿಯೋ. ಬೇಕರಿಯ ಬಿಸಿ ಬ್ರೆಡ್ ಘಮ್ಮೆಂದ ಜಾಗದಲ್ಲಿ ರಸ್ತೆ ದಾಟಬೇಕು. ದಾಟಿದರೆ ಗಿರಣಿಯ ಸದ್ದು, ಅದರಾಚೆ ಮರದ ಹೊಟ್ಟು. ಅಷ್ಟರಲ್ಲಿ ಮಾಮನ ಗರಗಸ ಕೇಳಿಸುತ್ತದೆ, ಅವಳು ಒಳಗೆ ಹೋಗಿ ತನ್ನ ಮಣೆಯ ಮೇಲೆ ಕೂರುತ್ತಾಳೆ. ಯಾರಾದರೂ ಕೈ ಹಿಡಿಯಲು ಬಂದರೆ, "ನಿಂಗೆ ದಾರಿ ಗೊತ್ತಿಲ್ವಾ?" ಎಂದು ಕೇಳಿ ಮಾನ ಕಳೆಯುತ್ತಾಳೆ.

ಮೂರು ವಾರ ಕಳೆದು, ಇನ್ನೊಂದು ಸಭೆಯಿಂದ ಬಂದವಳೇ ನಾನು ಅವಳ ಮುಂದೆ ಕೂತೆ.

"ಚಿಕ್ಕಮ್ಮ, ಬಂಕ್‌ಗೆ ಪರ್ಮಿಷನ್ ಕೊಡೋ ಅಧಿಕಾರಿ ಜಾಗ ನೋಡೋಕೆ ಬರ್ತಾರಂತೆ. ನೀನು ಅವರ ಹತ್ರ ಎರಡು ಮಾತಾಡು. ನಾವು ನೂರು ಹೇಳೋದೂ ಒಂದೇ, ನೀನು ಎರಡು ಹೇಳೋದೂ ಒಂದೇ."

"ಯಾಕೆ? ನಾನೇನು ಬಾವಿ ತೋಡಿದೀನಾ, ಬ್ರೆಡ್ ಸುಡ್ತೀನಾ?"

"ಅದಲ್ಲ..."

"ನನ್ನ ಕಣ್ಣನ್ನ ತಗೊಂಡು ಹೋಗಿ ಅವರ ಮುಂದೆ ಹರವಬೇಕು. ಅದು ತಾನೆ? ಆಗಲ್ಲ," ಎಂದಳು. "ನಿನ್ನ ಮಾಮ ನಂಗೆ ಕೆಲಸ ಕೊಟ್ಟಾಗ ಈ ಬೀದೀಲಿ ನನ್ನ ಕೈಗೆ ಲೋಟ ಕೊಡೋಕೂ ಹೆದರೋರು ಕಣೇ. ಅವರು ಉಳಿ ಕೊಟ್ರು. ಅವರ ವಿರುದ್ಧ ನಾನು ಬಾಯಿ ಬಿಡಲ್ಲ," ಎಂದಳು.

ನಾನು ಮುಖ ಗಂಟಿಕ್ಕಿಕೊಂಡು ತಟ್ಟೆ ತೊಳೆಯಲು ಎದ್ದೆ. ತೊಳೆಯುವ ಸದ್ದಿನಲ್ಲೇ ಅವಳಿಗೆ ನನ್ನ ಮುಖ ಕಾಣುತ್ತದೆ. ಹಿಂದಿನಿಂದ ಮೆಲ್ಲಗೆ ಮಾತು ಬಂತು.

"ಒಂದ್ಸಲ ನಾವಿಬ್ರೂ ದೊಡ್ಡ ರಸ್ತೆ ಬಂಕ್ ಹತ್ರ ಬಸ್ಸಿಗೆ ಕಾದಿದ್ವಲ್ಲ, ನೆನಪಿದೆಯಾ?"

"ಹೂಂ."

"ಪೆಟ್ರೋಲ್ ವಾಸನೆ ಒಂದೇ. ಬೇರೆ ಏನೂ ಇಲ್ಲ. ನೀನು ಪಕ್ಕದಲ್ಲೇ ಇದ್ದೆ, ನಿನ್ನ ತಲೆಗೆ ಹಚ್ಚಿದ ಎಣ್ಣೆ ವಾಸನೆ ಸಹ ಇಲ್ಲ. ಅವತ್ತು ನಂಗೆ ಕತ್ತಲಾಯ್ತು. ಕಣ್ಣು ಹೋಗಿ ಎಷ್ಟೋ ವರ್ಷ ಆದ್ಮೇಲೆ, ಕತ್ತಲೆ ಅಂದ್ರೆ ಏನು ಅಂತ ಅಲ್ಲಿ ಗೊತ್ತಾಯ್ತು."

ನನ್ನ ಕೈಯಲ್ಲಿದ್ದ ತಟ್ಟೆ ಹಾಗೇ ನಿಂತಿತು. ಬೇಕರಿಯ ಎದುರು ಬಂಕ್ ಬಂದರೆ ಅವಳಿಗೆ ರಸ್ತೆ ದಾಟುವ ಜಾಗವೇ ಸಿಗುವುದಿಲ್ಲ. ಒಬ್ಬಳೇ ನಡೆಯುವುದು ನಿಂತುಹೋಗುತ್ತದೆ. ಇಷ್ಟು ದಿನ ಬಾವಿ, ಕಿಡಿ, ಟ್ಯಾಂಕರ್ ಎಂದು ಊರಿಗೆಲ್ಲ ಸಾರಿಕೊಂಡು ಓಡಾಡಿದ ನನಗೆ ಮನೆಯೊಳಗಿನ ಇದು ಹೊಳೆದಿರಲಿಲ್ಲ.

"ಯಾರಿಗೂ ಹೇಳಬೇಡ," ಎಂದಳು. "ಕೋಲಿದೆ, ನೀನಿದ್ದೀಯ. ಹೇಗೋ ಆಗುತ್ತೆ."

ಹೇಗೋ ಆಗುವುದು ಎಂದರೆ ನಾನು ದಿನಾ ಅವಳ ಕೈ ಹಿಡಿದು ಬಿಟ್ಟು ಬರುವುದು. ನನಗದು ಭಾರವಲ್ಲ, ಅವಳಿಗೆ ಭಾರ. ಹೇಳುವುದಿಲ್ಲ ಎಂದು ಮಾತು ಕೊಟ್ಟೆ, ಆ ರಾತ್ರಿ ದಿಂಬಿಗೆ ಮುಖ ಒತ್ತಿ ಅತ್ತೆ.

ಅಧಿಕಾರಿ ಬರುವ ಹಿಂದಿನ ದಿನ ಮೇಷ್ಟ್ರಿಗೆ ಹುಮ್ಮಸ್ಸು ಬಂತು. "ನಮ್ಮ ಬೀದಿ ಎಂಥದ್ದು ಅಂತ ಅವರಿಗೆ ಗೊತ್ತಾಗಬೇಕು. ಕನ್ನಡಿ ಹಾಗೆ ಹೊಳೀಬೇಕು. ಆಮೇಲೆ ಅಂಗಡಿ ಎಲ್ಲ ಮುಚ್ಚಿ ಮೌನವಾಗಿ ನಿಲ್ಲೋಣ. ಯಾರೂ ತುಟಿ ಬಿಚ್ಚಬಾರದು," ಎಂದು ಅಪ್ಪಣೆಯಾಯಿತು. ಕೊನೆಯ ಮಾತು ಹೇಳುವಾಗ ಅವರು ನೋಡಿದ್ದು ನನ್ನನ್ನೇ.

ಔಷಧಿ ಅಂಗಡಿಯವರು ಕ್ಯಾನುಗಟ್ಟಲೆ ಫಿನಾಯಿಲ್ ಕೊಟ್ಟರು. ಸಂಜೆ ಬೀದಿಗೆ ಬೀದಿಯೇ ಪೊರಕೆ ಹಿಡಿದು ಇಳಿಯಿತು. ಇಸ್ತ್ರಿ ಅಂಗಡಿಯ ಬೂದಿ, ಬೇಕರಿ ಮೆಟ್ಟಿಲಿನ ಹಿಟ್ಟು, ಗಿರಣಿ ಮುಂದಿನ ತೌಡು, ಎಲ್ಲವನ್ನೂ ಉಜ್ಜಿ ಚರಂಡಿಗೆ ಬಿಟ್ಟೆವು. ಇಷ್ಟು ಒಗ್ಗಟ್ಟಿನಿಂದ ನಾವು ಯಾವ ಕೆಲಸವನ್ನೂ ಮಾಡಿದ್ದಿಲ್ಲ. ಬೇಕರಿಯವನು ಒಲೆ ಆರಿಸಿದ, ಅದರ ಬಾಗಿಲನ್ನೂ ಫಿನಾಯಿಲ್ ಹಾಕಿ ಒರೆಸಿದ. ಬೀದಿ ಆಸ್ಪತ್ರೆಯ ವರಾಂಡದಂತೆ ನಾರುತ್ತಿತ್ತು. ನಾವು ಸೊಂಟ ಹಿಡಿದುಕೊಂಡು ನಿಂತು ಹೆಮ್ಮೆಪಟ್ಟೆವು.

ಬೆಳಿಗ್ಗೆ ಹೊರಡುವಾಗ ಚಿಕ್ಕಮ್ಮನಿಗೆ, "ಇವತ್ತು ಎಲ್ಲಾ ಅಂಗಡಿ ಬಂದ್. ನೀನು ಮನೇಲೇ ಇರು," ಎಂದೆ. ಅವಳು ಹೂಂ ಎಂದಳು. ಅವಳ ಹೂಂಗೆ ಒಪ್ಪಿಗೆ ಎಂಬ ಅರ್ಥ ಯಾವತ್ತೂ ಇಲ್ಲ, ಕೇಳಿಸಿತು ಎಂದಷ್ಟೇ. ಮಾಮನ ಅಂಗಡಿ ನಮ್ಮ ಬಂದ್‌ಗೆ ಸೇರಿರಲಿಲ್ಲ, ಅಲ್ಲಿ ಅವಳ ಅರ್ಧ ಹೆಣೆದ ಕುರ್ಚಿಯೂ ಇತ್ತು. ಬೀದಿ ತೊಳೆದದ್ದು ಅವಳಿಗೆ ಏನು ಮಾಡುತ್ತದೆ ಎಂದು ನಮ್ಮಲ್ಲಿ ಒಬ್ಬರ ತಲೆಗೂ ಹೋಗಲಿಲ್ಲ.

ಅಧಿಕಾರಿ ಜೀಪಿನಲ್ಲಿ ಬಂದರು. ಕನ್ನಡಕ ಹಾಕಿದ, ಮೆತ್ತಗೆ ಮಾತಾಡುವ ಹೆಂಗಸು. ಮೇಷ್ಟ್ರು ನಮ್ಮ ಭಯಗಳನ್ನೆಲ್ಲ ಅವರಿಗೆ ವಿವರಿಸಿದರು, ಆಮೇಲೆ ನಾವೆಲ್ಲ ಸಾಲಾಗಿ ಬಾಯಿ ಮುಚ್ಚಿ ನಿಂತೆವು. ಎದುರಿನ ಜಾಗದಲ್ಲಿ ಬೋರ್ಡಿನ ಪಕ್ಕ ಬಡಗಿ ಮಾಮ ಒಬ್ಬನೇ ನಿಂತಿದ್ದ. ತಲೆಗೆ ಸ್ನಾನ ಮಾಡಿ, ಹೊಸ ಅಂಗಿ ತೊಟ್ಟು, ರಸ್ತೆ ದಾಟಿ ನಮ್ಮ ಮೂಗಿಗೂ ಬಡಿಯುವಷ್ಟು ಸೆಂಟು ಹಾಕಿಕೊಂಡಿದ್ದ. ಅವನನ್ನು ಮರದ ಹೊಟ್ಟಿಲ್ಲದೆ ನಾನು ನೋಡಿದ್ದು ಅವತ್ತೇ ಮೊದಲು.

ಆಗ ಕೋಲಿನ ಸದ್ದು ಕೇಳಿತು.

ಚಿಕ್ಕಮ್ಮ ಬರುತ್ತಿದ್ದಳು. ಇಸ್ತ್ರಿ ಅಂಗಡಿಯ ಮುಂದೆ ಅವಳ ಹೆಜ್ಜೆ ನಿಧಾನವಾಯಿತು. ಕಟಿಂಗ್ ಶಾಪಿನ ಮುಂದೆ ನಿಂತಳು, ತಲೆ ಎತ್ತಿ ಗಾಳಿ ಎಳೆದುಕೊಂಡಳು. ರೇಡಿಯೋ ಇಲ್ಲ, ಸೋಪಿಲ್ಲ, ಬ್ರೆಡ್ ಇಲ್ಲ, ಗಿರಣಿ ಇಲ್ಲ. ಇದ್ದದ್ದು ಫಿನಾಯಿಲ್ ಒಂದೇ. ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ತಿರುಗಿದಳು. ಆಮೇಲೆ ದಾಟಬಾರದ ಜಾಗದಲ್ಲಿ ರಸ್ತೆ ದಾಟಿ, ಖಾಲಿ ಜಾಗದೊಳಗೆ ನಡೆದು, ಬೋರ್ಡಿನ ಕಂಬಕ್ಕೆ ಹೋಗಿ ತಾಗಿದಳು. ಅವಳ ಕೋಲು ಕೈಜಾರಿ ಬಿತ್ತು.

ಪಕ್ಕದಲ್ಲಿ ಯಾರೋ ಇದ್ದಾರೆಂದು ಅವಳಿಗೆ ತಿಳಿಯಿತು. ಮುಖದಲ್ಲಿ ಗುರುತಿಲ್ಲದವರಿಗೆ ತೋರಿಸುವ ನಗು ತಂದುಕೊಂಡು, "ಸ್ವಾಮೀ, ಸ್ವಲ್ಪ ಹೇಳ್ತೀರಾ? ಇದು ಯಾವ ಬೀದಿ?" ಎಂದು ಕೇಳಿದಳು.

ಕೇಳಿದ್ದು ಬಡಗಿ ಮಾಮನನ್ನು. ಕೈ ಚಾಚಿದರೆ ಸಿಗುವಷ್ಟು ಹತ್ತಿರ ಅವನು ನಿಂತಿದ್ದ, ಅವಳಿಗೆ ಅವನ ಗುರುತು ಸಿಕ್ಕಿರಲಿಲ್ಲ. ಅವನು ಬಗ್ಗಿ ಕೋಲು ಎತ್ತಿ ಅವಳ ಕೈಗಿಟ್ಟ. ನಂತರ ಆ ಹಾಳು ಮಂಡಿಯನ್ನು ಎಳೆದುಕೊಂಡು ತನ್ನ ಅಂಗಡಿಯ ಕಡೆ ಹೆಚ್ಚುಕಡಿಮೆ ಓಡಿದ.

ಮೌನವೂ ಬೇಡ, ಮಣ್ಣೂ ಬೇಡ ಎಂದು ನಾನು ರಸ್ತೆ ದಾಟಿ ಹೋಗಿ ಅವಳನ್ನು ಹಿಡಿದುಕೊಂಡೆ. "ಚಿಕ್ಕಮ್ಮ, ನಾನು ಕಣೇ. ನಮ್ಮ ಬೀದೀನೇ."

"ಸುಳ್ಳು ಹೇಳ್ಬೇಡ. ನಮ್ಮ ಬೀದಿ ಎಲ್ಲಿ ಹೋಯ್ತು?" ಎಂದಳು. ನನ್ನ ಹಿಂದೆ ಬೀದಿಯವರೆಲ್ಲ ತಾವೇ ಹಾಕಿದ ಫಿನಾಯಿಲ್‌ಗೆ ನಾಚಿ ನಿಂತಿದ್ದರು. ಬೇಕರಿಯವನು ಬಾಗಿಲೆತ್ತಿ ಒಳಗೆ ನುಗ್ಗಿ, ಒಂದು ರಸ್ಕ್ ಡಬ್ಬಿ ತಂದು ಅವಳ ಮುಂದೆ ಮುಚ್ಚಳ ತೆಗೆದು ಟವೆಲಿನಿಂದ ಗಾಳಿ ಹಾಕತೊಡಗಿದ.

ಅವಳು ಮೂಸಿದಳು. "ಇದು ಹಳೇದು," ಎಂದಳು. ಅವನು ಅಳುತ್ತಲೇ ನಕ್ಕ.

ಅಷ್ಟರಲ್ಲಿ ಬೀದಿಯ ಕೊನೆಯಿಂದ ಗರಗಸದ ಸದ್ದು ಬಂತು. ಒಂದೇ ಸಮನೆ, ಉಸಿರು ಬಿಡದೆ, ಮಾಮ ಮರ ಕುಯ್ಯುತ್ತಿದ್ದ. ಚಿಕ್ಕಮ್ಮನ ಮುಖ ಆ ಕಡೆ ತಿರುಗಿತು. ಮೆಲ್ಲಗೆ ನನ್ನ ಕೈ ಬಿಡಿಸಿಕೊಂಡಳು. ಕೋಲು ಊರಿಕೊಂಡು ಆ ಸದ್ದಿನ ಹಿಂದೆ ನಡೆದಳು, ಒಬ್ಬಳೇ. ಯಾರೂ ಅವಳ ಕೈ ಹಿಡಿಯಲು ಹೋಗಲಿಲ್ಲ. ಅಧಿಕಾರಿಯೂ ಚಪ್ಪಲಿ ಸದ್ದಾಗದಂತೆ ನಮ್ಮ ಜೊತೆ ಹಿಂದೆ ಬಂದರು.

ಅಂಗಡಿಯೊಳಗೆ ಮಾಮನ ಹೊಸ ಅಂಗಿ ಬೆವರಿಗೆ ಅಂಟಿಕೊಂಡಿತ್ತು. ಚಿಕ್ಕಮ್ಮ ಹೊಸ್ತಿಲು ದಾಟಿ ಮಣೆಯ ಮೇಲೆ ಕೂರುವವರೆಗೆ ಅವನು ಗರಗಸ ನಿಲ್ಲಿಸಲಿಲ್ಲ.

"ಆ ಜಾಗ ನಿಮ್ಮದೇ ಅಲ್ವಾ?" ಅಧಿಕಾರಿ ಕೇಳಿದರು.

"ನಂದೇ. ಬಂಕ್‌ಗೆ ಕೊಡಲ್ಲ."

"ಯಾಕೆ ಅಂತ ಕೇಳಬಹುದಾ?"

ಅವನು ಚಿಕ್ಕಮ್ಮನ ಕಡೆ ನೋಡಿದ. ಅವಳು ಬೆತ್ತದ ತುದಿ ಹುಡುಕುತ್ತಾ ತಲೆ ತಗ್ಗಿಸಿದ್ದಳು. ಈಗ ಇವನು ಅವಳ ಕಣ್ಣಿನ ಮಾತೆತ್ತುತ್ತಾನೆ ಎಂದು ಹೆದರಿದೆ.

"ಬಾವಿ ಇದೆ. ಸ್ಕೂಲಿದೆ. ಬೇಕರಿ ಕಿಡಿ ಹಾರುತ್ತೆ," ಎಂದ ಮಾಮ. ಬೆರಳು ನನ್ನ ಕಡೆ ತೋರಿಸಿ, "ಇವಳು ತಿಂಗಳಿಂದ ಬಾಯಿ ಬಡ್ಕೊಳ್ತಿದಾಳಲ್ಲ, ಕೇಳಿಲ್ವಾ ನೀವು? ಅದೇ ಕಾರಣ. ಬೇರೆ ಏನೂ ಇಲ್ಲ," ಎಂದ.

ನಾನು ಅವನ ಕಾಲಿಗೆ ಬೀಳುವುದೊಂದು ಬಾಕಿ. ಅಧಿಕಾರಿ ಅವನನ್ನು ನೋಡಿದರು, ಚಿಕ್ಕಮ್ಮನನ್ನು ನೋಡಿದರು, "ಸರಿ," ಎಂದಷ್ಟೇ ಹೇಳಿ ಜೀಪಿನ ಕಡೆ ನಡೆದರು. ಉಳಿದವರೂ ಒಬ್ಬೊಬ್ಬರೇ ಹೊರಟರು. ಬೇಕರಿಯವನು ಒಲೆ ಹಚ್ಚಲು ಓಡಿದ.

ನಾನು ಬಾಗಿಲಲ್ಲೇ ಉಳಿದೆ. ಮಾಮ ಗರಗಸ ಗೋಡೆಗೆ ಒರಗಿಸಿ, ಸೀಳಿದ ಹಲಗೆಯ ಮೇಲೆ ಕುಸಿದು ಕೂತ. ಚಿಕ್ಕಮ್ಮ ಬೆತ್ತದ ಒಂದು ಎಳೆ ಎಳೆದಳು, ಬಿಗಿ ನೋಡಿದಳು. ತಲೆ ಎತ್ತದೆಯೇ ಕೇಳಿದಳು.

"ಅಲ್ಲಿ ನನ್ನ ಪಕ್ಕ ನಿಂತಿದ್ದು ನೀವೇನಾ?"

"ಹೂಂ."

"ಯಾಕೆ ಸೆಂಟ್ ಹಾಕಿದ್ರಿ?"

"ದೊಡ್ಡೋರು ಬರ್ತಾರೆ ಅಂತ."

ಅವಳು ಇನ್ನೊಂದು ಎಳೆ ಬಿಗಿದಳು.

"ಇನ್ಮೇಲೆ ಹಾಕ್ಬೇಡಿ," ಎಂದಳು.

"ಇಲ್ಲ," ಎಂದ ಮಾಮ. "ಹಾಕಲ್ಲ."