ಗಂಟೆಗೆ ಎಂಬತ್ತೈದು ಕಾಲರು

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ, ಒಂದು ಕಾಲಕ್ಕೆ ಗದ್ದೆಯಾಗಿದ್ದ ನೆಲದಲ್ಲಿ ಈಗ ಒಂದು ಗಾರ್ಮೆಂಟ್ಸ್ ಇದೆ. ಅಲ್ಲಿ ಅಂಗಿ ಹೊಲಿಯುತ್ತಾರೆ. ಆದರೆ ಇಡೀ ಅಂಗಿಯನ್ನು ಒಬ್ಬರೇ ಹೊಲಿಯುವುದಿಲ್ಲ. ತೋಳಿಗೆ ಒಂದು ಗುಂಪು, ಜೇಬಿಗೆ ಒಂದು ಗುಂಪು, ಕಾಲರಿಗೆ ಹತ್ತು ಜನರ ಒಂದು ಗುಂಪು. ದೇವಿರಮ್ಮ ಕಾಲರಿನವಳು. ಹದಿನಾಲ್ಕು ವರ್ಷದಿಂದ ಕಾಲರನ್ನೇ ಕೂರಿಸುತ್ತಿದ್ದಾಳೆ. ಒಂದು ಪೂರ್ತಿ ಅಂಗಿ ಹೊಲಿದುಕೊಡು ಅಂದರೆ ಬರುತ್ತದೋ ಇಲ್ಲವೋ, ಕಾಲರು ಮಾತ್ರ ಕಣ್ಣು ಮುಚ್ಚಿಕೊಂಡು ಕೂರಿಸಿಯಾಳು.

ಗಂಟೆಗೆ ಅರವತ್ತು ಕಾಲರು ಅಂತ ಲೆಕ್ಕ. ಅದಕ್ಕಿಂತ ಮೇಲೆ ಹೊಲಿದವರಿಗೆ ತಿಂಗಳ ಕೊನೆಗೆ ಸಂಬಳದ ಜೊತೆ ಒಂದಿಷ್ಟು ಹೆಚ್ಚು ಸಿಗುತ್ತಿತ್ತು. ಉಳಿದವರು ಅರವತ್ತೆರಡು, ಅರವತ್ತಮೂರು ಹೊಲಿದರೆ ದೇವಿರಮ್ಮ ಎಪ್ಪತ್ತು ಹೊಲಿಯುತ್ತಿದ್ದಳು. ಅದಕ್ಕಿಂತ ಜಾಸ್ತಿ ಹೊಲಿಯುವ ಶಕ್ತಿ ಅವಳ ಕೈಗಿತ್ತು, ಹೊಲಿಯುತ್ತಿರಲಿಲ್ಲ. ಅದು ಆ ಹೆಂಗಸರು ಬಾಯಿಬಿಟ್ಟು ಆಡದೆ ನಡೆಸಿಕೊಂಡು ಬಂದ ಕಟ್ಟಳೆ. ಗಡಿಯಾರ ಹಿಡಿದುಕೊಂಡು ಯಾರಾದರೂ ಪಕ್ಕದಲ್ಲಿ ಬಂದು ನಿಂತರೆ ಎಲ್ಲರೂ ಕೈಯನ್ನು ಒಂಚೂರು ಭಾರ ಮಾಡಿಕೊಳ್ಳಬೇಕು. ಯಲಿಯೂರಿನಿಂದ ರೈಲಿನಲ್ಲಿ ಬರುವ ವನಜಾ ಹೊಸದಾಗಿ ಸೇರಿದಾಗ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದನ್ನು ಹೇಳಿಕೊಟ್ಟವಳು ದೇವಿರಮ್ಮನೇ. "ಅವ್ರ ಮುಂದೆ ಓಡ್ಬ್ಯಾಡ ಕಣವ್ವ. ಇವತ್ತು ಓಡುದ್ರೆ ನಾಳಿಂದ ದಿನಾ ಓಡುಸ್ತಾರೆ."

ಹೀಗೆ ಹೇಳಿಕೊಟ್ಟವಳೇ ಕಟ್ಟಳೆ ಮುರಿದಳು.

ಆಫೀಸಿಗೆ ಹೊಸದಾಗಿ ಪ್ರಸನ್ನ ಅಂತ ಒಬ್ಬ ಸಾಹೇಬ ಬಂದಿದ್ದ. ಮಂಡ್ಯದ ಹುಡುಗ, ಓದಿದವನು, ಮೆತ್ತಗಿನ ಮಾತು. ಒಂದು ದಿನ ಬೆಳಿಗ್ಗೆ ದೇವಿರಮ್ಮನ ಮಿಷನ್ನಿನ ಹತ್ತಿರ ಒಂದು ಸ್ಟೂಲು ಎಳೆದುಕೊಂಡು ಕೂತ.

"ಅಮ್ಮ, ಈ ವರ್ಷದ ಒಳ್ಳೆ ಕೆಲಸಗಾರ್ತಿ ಅಂತ ಒಬ್ಬರಿಗೆ ಸನ್ಮಾನ ಮಾಡ್ಬೇಕು. ನಿಮ್ಮ ಹೆಸರು ಬರ್ದಿದ್ದೀನಿ. ನಿಮ್ಮ ಕೈ ಹೆಂಗೆ ಓಡುತ್ತೆ ಅಂತ ಮೇಲಿನೋರಿಗೆ ತೋರಿಸ್ಬೇಕಲ್ಲ, ಒಂದು ಗಂಟೆ ಫೋನಲ್ಲಿ ಹಿಡ್ಕೋತೀನಿ."

ಹದಿನಾಲ್ಕು ವರ್ಷದಲ್ಲಿ ಅವಳ ಕೈ ನೋಡಬೇಕು ಅಂದವರು ಯಾರೂ ಇರಲಿಲ್ಲ. ಸೂಪರ್ವೈಸರ್ ಸ್ವಾಮಿ ನೋಡುತ್ತಿದ್ದದ್ದು ಕಾಲರನ್ನು, ಅದೂ ಡೊಂಕಾದಾಗ ಮಾತ್ರ. ದೇವಿರಮ್ಮನಿಗೆ ಏನಾಯಿತೋ, ಸೆರಗು ಸಿಕ್ಕಿಸಿಕೊಂಡು ಕೂತಳು. ಬಲಗೈ ಒಂದು ಕಾಲರನ್ನು ಮುಗಿಸುವುದರೊಳಗೆ ಎಡಗೈ ಮುಂದಿನದನ್ನು ಮಡಿಸಿ ತಂದಿರುತ್ತಿತ್ತು. ನೂಲು ಕತ್ತರಿಸದೆ, ಹೂ ಕಟ್ಟಿದ ಹಾಗೆ ಒಂದರ ಹಿಂದೆ ಒಂದು ಸಾಲಾಗಿ ಹೊಲಿದು, ಹತ್ತಾದ ಮೇಲೆ ಒಟ್ಟಿಗೆ ಕತ್ತರಿಸಿದಳು. ಗಂಟೆ ಮುಗಿದಾಗ ಎಂಬತ್ತೈದು. ಪ್ರಸನ್ನ ಎದ್ದು ನಿಂತು ಕೈ ಮುಗಿದ.

ಪಕ್ಕದ ಮಿಷನ್ನಿನ ಚಿಕ್ಕಬೋರಮ್ಮ, ಆ ಗುಂಪಿನಲ್ಲೆಲ್ಲ ಹಿರಿಯಳು, ಮೆಲ್ಲಗೆ ಕೇಳಿದಳು: "ಏನಮ್ಮಿ, ದೇವ್ರು ಬಂದಿತ್ತಾ ಮೈಮ್ಯಾಲೆ?"

"ಸುಮ್ಕಿರಕ್ಕ. ಸನ್ಮಾನಕ್ಕಂತೆ," ಅಂದಳು ದೇವಿರಮ್ಮ. ನಾಚಿಕೆಯೂ ಆಗಿತ್ತು, ಖುಷಿಯೂ ಆಗಿತ್ತು.

ಸನ್ಮಾನ ಆದದ್ದು ಸುಳ್ಳಲ್ಲ. ಮಂಡ್ಯದ ಒಂದು ಕಲ್ಯಾಣ ಮಂಟಪದಲ್ಲಿ ಶಾಲು ಹೊದಿಸಿದರು, ಗಂಧದ ಹಾರ ಹಾಕಿದರು, ಒಂದು ಮಿಕ್ಸಿ ಕೊಟ್ಟರು. ಅವಳ ಗುಂಪಿನವರು ಚಪ್ಪಾಳೆ ತಟ್ಟಿದರು. ವನಜಾ ಅಂತೂ ಶಿಳ್ಳೆ ಹೊಡೆದಳು.

ಸೋಮವಾರ ಬೆಳಿಗ್ಗೆ ಹೋಗುವ ಹೊತ್ತಿಗೆ ಕಾಲರಿನ ಗುಂಪಿನ ಬೋರ್ಡಿನ ಮೇಲೆ ಅರವತ್ತು ಅಳಿಸಿ ಎಂಬತ್ತೈದು ಅಂತ ಬರೆದಿತ್ತು.

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಸ್ವಾಮಿ ಬಂದು ಬಿಡಿಸಿ ಹೇಳಿದ. ಇನ್ನು ಮೇಲೆ ಹೆಚ್ಚಿನ ದುಡ್ಡು ಸಿಗುವುದು ಎಂಬತ್ತೈದರ ಮೇಲೆ. ಮೂರು ತಿಂಗಳು ಮುಟ್ಟದವರನ್ನು ಮಿಷನ್ನಿನಿಂದ ಎಬ್ಬಿಸಿ ಹೆಲ್ಪರ್ ಮಾಡುತ್ತಾರೆ, ಸಂಬಳ ಇಳಿಯುತ್ತದೆ.

"ಮನುಷ್ರ ಕೈಲಾಯ್ತದಾ ಸಾ ಅದು?" ಅಂದಳು ಚಿಕ್ಕಬೋರಮ್ಮ.

"ಆಗ್ದೆ ಏನು? ನಿಮ್ಮ ದೇವಿರಮ್ಮ ಮಾಡವ್ಳಲ್ಲ."

ಒಂಬತ್ತು ಜನ ತಿರುಗಿ ನೋಡಿದರು. ದೇವಿರಮ್ಮ ಬೋರ್ಡನ್ನೇ ನೋಡುತ್ತಿದ್ದಳು. ಅವಳು ದಿನಾ ಹೊಲಿಯುವ ಎಪ್ಪತ್ತಕ್ಕೂ ಈಗ ಕಾಸು ಹುಟ್ಟುವುದಿಲ್ಲ. ಅವಳಿಗೆ ಸನ್ಮಾನ ಮಾಡಿ, ಅವಳದನ್ನೂ ಕಿತ್ತುಕೊಂಡಿದ್ದರು.

ಊಟದ ಹೊತ್ತಿಗೆ ಅವಳ ಅಕ್ಕಪಕ್ಕ ಯಾರೂ ಕೂರಲಿಲ್ಲ. ಯಾರೋ ಅಂದರು, "ಮಿಕ್ಸೀಲಿ ನಮ್ಮನ್ನೇ ರುಬ್ಕಂಡು ಉಣ್ತಾಳೆ ಬುಡು." ಯಾರು ಅಂತ ಅವಳು ತಲೆ ಎತ್ತಿ ನೋಡಲಿಲ್ಲ. ಡಬ್ಬಿ ಮುಚ್ಚಿ ನೇರ ಪ್ರಸನ್ನನ ಹತ್ತಿರ ಹೋದಳು.

"ಸನ್ಮಾನಕ್ಕೆ ಅಂದ್ರಲ್ಲ ಸಾರ್."

"ಮಾಡಿದ್ವಲ್ಲಮ್ಮ. ನಾನು ಸುಳ್ಳು ಹೇಳಿದ್ನಾ?"

ಹೇಳಿರಲಿಲ್ಲ. ಆದರೂ ಬಾಗಿಲು ಬಿಟ್ಟು ಅಲ್ಲಾಡಲಿಲ್ಲ. ಒಂದು ಗಂಟೆ ಓಡಿದೆ, ದಿನವಿಡೀ ಓಡಕ್ಕಾಗುತ್ತಾ ಅಂತ ಕೇಳಿದಳು. ಪ್ರಸನ್ನ ಸ್ವಲ್ಪ ಯೋಚಿಸಿದ.

"ಒಂದು ಕೆಲಸ ಮಾಡೋಣ. ಶನಿವಾರ ಸಂಜೆ ತನಕ ನೋಡ್ತೀನಿ. ನೀವೇ ಒಂದು ಗಂಟೇಲೂ ಎಂಬತ್ತೈದು ಮುಟ್ಟಲಿಲ್ಲ ಅಂದ್ರೆ ಬೆಂಗಳೂರಿನ ಮೇಲಿನೋರಿಗೆ ಬರ್ದು ಮತ್ತೆ ಅರವತ್ತಕ್ಕೆ ಇಳಿಸ್ತೀನಿ. ಮುಟ್ಟಿದ್ರೆ ಇದೇ ಖಾಯಂ."

ದೇವಿರಮ್ಮ ಬಂದು ಒಂಬತ್ತು ಜನರ ಮುಂದೆ ಅದನ್ನು ಹೇಳಿದಳು. "ಶನಿವಾರ್ದ ತಂಕ ನನ್ ಕೈ ಕಟ್ಟಾಕಂಡಂಗೆ," ಅಂದಳು. ಚಿಕ್ಕಬೋರಮ್ಮ ಅವಳ ಮುಚ್ಚಿದ ಡಬ್ಬಿ ತೆಗೆಸಿ, ತನ್ನ ಡಬ್ಬಿಯಿಂದ ಒಂದು ಸೌಟು ಹುಳಿ ಅವಳ ಅನ್ನಕ್ಕೆ ಹಾಕಿದಳು.

ಮನೆಯಲ್ಲಿ ಅವಳ ತಾಯಿ ಪಟ್ಟಲಮ್ಮ ಈ ಕಥೆ ಕೇಳಿ ಬೊಚ್ಚುಬಾಯಿ ತೆರೆದು ನಕ್ಕಳು. "ಅಯ್ಯೋ ಮಂಕೇ, ಇದು ಓಸ್ದಾ? ನಾವು ನಾಟಿಗೆ ಓಯ್ತಿದ್ದಾಗ ಕೈ ಚುರುಕಾಗಿರೋಳ್ಗೆ ಒಂದು ಸೇರು ಬತ್ತ ಜಾಸ್ತಿ ಕೊಟ್ಟು ಬದಿನ ಪಕ್ಕ ನಿಲ್ಲುಸೋರು. ಅವ್ಳ ಹಿಂದೆ ಇಡೀ ಸಾಲು ಸೊಂಟ ಮುರ್ಕಂಡು ಓಡೋದು. ಸಂಜೆ ಅವ್ಳಿಗೆ ನಾವು ಏನಂತಿದ್ವಿ ಗೊತ್ತಾ?"

"ಏನಂತಿದ್ರವ್ವ?"

"ಬುಡು, ಈಗ್ಯಾಕೆ," ಅಂದಳು ಮುದುಕಿ.

ಆ ವಾರ ದೇವಿರಮ್ಮ ಪಟ್ಟ ಪಾಡು ದೇವರಿಗೇ ಗೊತ್ತು. ಬೇಗ ಹೊಲಿಯುವುದಕ್ಕಿಂತ ನಿಧಾನವಾಗಿ ಹೊಲಿಯುವುದು ಕಷ್ಟ. ಎಡಗೈ ತಾನಾಗಿ ಮುಂದಿನ ಕಾಲರಿಗೆ ಹೋಗುತ್ತಿತ್ತು, ಹಿಡಿದು ವಾಪಸ್ಸು ತರುತ್ತಿದ್ದಳು. ಒಂದೊಂದು ಕಾಲರಿಗೂ ನೂಲು ಕತ್ತರಿಸುತ್ತಿದ್ದಳು. ಅರವತ್ತಾರು, ಅರವತ್ತೆಂಟು. ಸ್ವಾಮಿ ಗಂಟೆಗೊಂದು ಸಲ ಬಂದು, "ಏನ್ ದೇವಿರಮ್ಮ, ಶಾಲು ಹೊದ್ಕಂಡ್ಮೇಲೆ ಚಳಿ ಜಾಸ್ತಿ ಆಯ್ತಾ?" ಅಂತ ಎಲ್ಲರಿಗೂ ಕೇಳುವ ಹಾಗೆ ಅನ್ನುತ್ತಿದ್ದ. ಅವಳು ತಲೆ ತಗ್ಗಿಸಿಕೊಂಡು ಅನ್ನಿಸಿಕೊಂಡಳು. ಶುಕ್ರವಾರದ ಹೊತ್ತಿಗೆ ಹೆಂಗಸರು ಅವಳನ್ನು ಮತ್ತೆ ತಮ್ಮ ನಡುವೆ ಕೂರಿಸಿಕೊಂಡಿದ್ದರು.

ಶನಿವಾರ ಊಟಕ್ಕೆ ಮುಂಚೆ ಪ್ರಸನ್ನ ಬಂದ. ಮಿಷನ್ನು ನಿಲ್ಲಿಸಿ ಅಂದ. ದೊಡ್ಡ ಟಿ.ವಿ. ಒಂದನ್ನು ತಳ್ಳಿಸಿಕೊಂಡು ಬಂದು, ಅವತ್ತು ಫೋನಿನಲ್ಲಿ ಹಿಡಿದದ್ದನ್ನು ಹಾಕಿದ. ಮುಖ ಕಾಣುತ್ತಿರಲಿಲ್ಲ. ಎರಡು ಕೈ ಮಾತ್ರ. ಕಾಲರುಗಳು ನೀರು ಹರಿದ ಹಾಗೆ ಸೂಜಿಯ ಕೆಳಗೆ ಹರಿಯುತ್ತಿದ್ದವು. ದೇವಿರಮ್ಮ ತನ್ನ ಕೈಯನ್ನು ಹಾಗೆ ದೂರದಿಂದ ಎಂದೂ ನೋಡಿರಲಿಲ್ಲ. ಚೆನ್ನಾಗಿತ್ತು ಅಂತ ಅವಳಿಗೇ ಅನ್ನಿಸಿತು.

"ಈ ಕೈ ನಿಮ್ಮದು ತಾನೇ ಅಮ್ಮ?"

"ನಂದಲ್ಲ ಸಾರ್."

ಹೆಂಗಸರು ಕಿಸಕ್ಕನೆ ನಕ್ಕರು. ಪ್ರಸನ್ನ ನಗಲಿಲ್ಲ. "ಹಾಗಾದ್ರೆ ಯಾರದು? ಚಿಕ್ಕಬೋರಮ್ಮ, ನೀವು ಹೇಳಿ."

"ನಂಗೆ ಕಣ್ಣು ಮಂಜು ಕಣಪ್ಪ," ಅಂದಳು ಚಿಕ್ಕಬೋರಮ್ಮ.

"ವನಜಾ?"

ವನಜಾ ಸ್ವಾಮಿಯ ಕಡೆ ಒಂದು ಸಲ ನೋಡಿದಳು, ನೆಲ ನೋಡಿದಳು. "ಅಕ್ಕಂದೇ ಸಾರ್. ಆ ಕೈ ನೋಡ್ಕಂಡೇ ನಾನು ಕಲ್ತಿದ್ದು, ನಂಗೊತ್ತಿಲ್ವಾ? ಬೇಕು ಅಂತ್ಲೇ ನಿದಾನ ಮಾಡ್ತಾವ್ರೆ."

ನಗು ನಿಂತುಹೋಯಿತು. ಪ್ರಸನ್ನ ಟಿ.ವಿ. ಆರಿಸಿದ. "ಸಂಜೆ ತನಕ ಟೈಮಿದೆ. ನಾನು ಕೊಟ್ಟ ಮಾತು ತಪ್ಪಲ್ಲ. ನೀವು ಮುಟ್ಟದೆ ಇದ್ರೆ ಇಳಿಸೇ ಇಳಿಸ್ತೀನಿ," ಅಂತ ಹೇಳಿ ಹೋದ.

ಕೈ ತೊಳೆಯುವ ನಲ್ಲಿಯ ಹತ್ತಿರ ದೇವಿರಮ್ಮ ವನಜಾಳನ್ನು ತಡೆದಳು. "ಯಾಕಂಗಂದೆ?"

"ನಿಜ ಏಳುದ್ರೆ ಚೆಕಿಂಗಿಗೆ ಆಕ್ತೀವಿ ಅಂತ ಸ್ವಾಮಿ ಅಂದವ್ರೆ ಅಕ್ಕ. ಒಲ್ದಿದ್ದು ನೋಡೋ ಕೆಲ್ಸ, ಮಿಷನ್ ಮುಂದೆ ಬಗ್ಗಿ ಕೂರೋದು ತಪ್ತದೆ. ನನ್ ಸೊಂಟದ್ ಕತೆ ನಿಂಗೊತ್ತಲ್ಲ."

"ನಿಂಗೆ ನೂಲು ಏರ್ಸೋದ್ರಿಂದ ಹಿಡಿದು ಕಲ್ಸಿದೋಳು ನಾನು. ಒಂದು ಮಾತು ನಂಗೇಳ್ಬಾರ್ದಾಗಿತ್ತಾ?"

ವನಜಾ ಸೆರಗಿನಲ್ಲಿ ಕೈ ಒರೆಸಿಕೊಂಡಳು. "ಪ್ರಸನ್ನ ಸಾರು ಸ್ಟೂಲು ಆಕ್ಕಂಡು ಕುಂತಾಗ ನೀನು ನಮ್ಗೇಳಿದ್ದಾ ಅಕ್ಕ?"

ದೇವಿರಮ್ಮ ಊಟ ಮಾಡಲಿಲ್ಲ. ಬೆಲ್ಲು ಹೊಡೆದಾಗ ಬಂದು ಮಿಷನ್ನಿನ ಮುಂದೆ ಕೂತಳು. ವನಜಾಳ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಅದಕ್ಕೆ ಸರಿಯಾದ ಉತ್ತರ ಹುಡುಕುತ್ತಿದ್ದಳು. ನಾನು ಮಾಡಿದ್ದು ತಿಳಿಯದೆ, ನೀನು ಮಾಡಿದ್ದು ತಿಳಿದೂ ತಿಳಿದೂ, ಅಂತ ಹೇಳಬೇಕಾಗಿತ್ತು. ಆದರೆ ಅವಳಿಗೂ ತಿಳಿದಿತ್ತಲ್ಲ? ಗಡಿಯಾರದವರ ಮುಂದೆ ಓಡಬಾರದು ಅಂತ ಊರಿಗೆಲ್ಲ ಹೇಳಿಕೊಟ್ಟವಳಿಗೆ ತಿಳಿದಿರಲಿಲ್ಲ ಅಂದರೆ ಯಾರು ನಂಬುತ್ತಾರೆ? ಪ್ರಸನ್ನ ಅಮ್ಮ ಅಂತ ಕರೆದನಲ್ಲ, ಕೈ ಮುಗಿದನಲ್ಲ. ಸಿಟ್ಟು ಬಂದಿತ್ತು. ಅದು ವನಜಾಳ ಮೇಲೋ ಪ್ರಸನ್ನನ ಮೇಲೋ ತನ್ನ ಮೇಲೋ ಗೊತ್ತಾಗುತ್ತಿರಲಿಲ್ಲ.

"ದೇವೀ," ಅಂದಳು ಚಿಕ್ಕಬೋರಮ್ಮ ಪಕ್ಕದಿಂದ. ಅವಳಿಗೆ ಕೇಳಿಸಲಿಲ್ಲ.

"ದೇವೀ, ಕೈ!"

ಬಗ್ಗಿ ನೋಡಿದಳು. ನೂಲು ಕತ್ತರಿಸದ ಕಾಲರುಗಳು ಮಿಷನ್ನಿನ ಹಿಂದೆ ಸಾಲಾಗಿ ಇಳಿದು ನೆಲದ ಮೇಲೆ ಗುಡ್ಡೆಯಾಗಿದ್ದವು. ಎಡಗೈಯಲ್ಲಿ ಮುಂದಿನದು ಮಡಿಸಿ ತಯಾರಾಗಿತ್ತು. ಸ್ವಾಮಿ ಯಾವಾಗ ಬಂದು ನಿಂತಿದ್ದನೋ, ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೇ ಎತ್ತಿ ಎಣಿಸಿದ. ಎರಡು ಸಲ ಎಣಿಸಿದ. ಊಟ ಮುಗಿದ ಬೆಲ್ಲು ಹೊಡೆದು ಆಗ ಸರಿಯಾಗಿ ಒಂದು ಗಂಟೆ.

"ಎಂಬತ್ತೇಳು!" ಅಂತ ಆಫೀಸಿನ ಕಡೆಗೆ ಕೂಗಿದ. "ಬಂತು ಸಾರ್, ಎಂಬತ್ತೇಳು!"

ಕಾಲರಿನ ಗುಂಪಿನ ಮಿಷನ್ನುಗಳು ಒಂದಾದ ಮೇಲೊಂದು ನಿಂತವು. ಬೋರ್ಡಿನ ಮೇಲಿನ ಎಂಬತ್ತೈದು ಇನ್ನು ಖಾಯಂ. ಚಿಕ್ಕಬೋರಮ್ಮ ದೇವಿರಮ್ಮನ ಕಡೆ ನೋಡದೆ, ಕನ್ನಡಕ ಸರಿಮಾಡಿಕೊಂಡು, ತನ್ನ ಮುಂದಿನ ಕಾಲರನ್ನು ಸೂಜಿಯಡಿಗೆ ಕೊಟ್ಟಳು. ಅವಳ ಹಾಗೆಯೇ ನೂಲು ಕತ್ತರಿಸದೆ ಅದರ ಹಿಂದೆಯೇ ಇನ್ನೊಂದನ್ನು ಕೊಡುವುದಕ್ಕೆ ನೋಡಿದಳು.